ರಕ್ತದ ಹನಿಗೆ ಇಸ್ತ್ರಿ ಹಾಕಿದವಳು

ಗರಿಗರಿಯಕ್ಕ ಹೋದ ಸೋಮವಾರ ಮಧ್ಯಾಹ್ನ ತೀರಿಕೊಂಡಳು. ಹೃದಯ ನಿಂತಿತು ಎಂದು ಡಾಕ್ಟರು ಬರೆದುಕೊಟ್ಟರು. ಹಿಂದಿನ ದಿನ ಒಂದು ಸೀನು ಕೂಡ ಬಂದಿರಲಿಲ್ಲ.

ಅವಳು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಅವಳ ಮನೆ ನಮ್ಮ ಕಟ್ಟಡದ ಎರಡನೇ ಮಹಡಿಯಲ್ಲಿ, ನನ್ನದು ಮೂರನೆಯದರಲ್ಲಿ. ನಾನು ಪುಸ್ತಕಗಳ ಕರಡು ತಿದ್ದುತ್ತೇನೆ. ಅದಕ್ಕೇ ನನ್ನನ್ನು ಅವಳು "ಹುಳ" ಎಂದು ಕರೆಯುತ್ತಿದ್ದಳು. ಪುಸ್ತಕದ ಹುಳ ಎಂದು ಪೂರ್ತಿ ಹೇಳುವಷ್ಟು ಪುರುಸೊತ್ತು ಅವಳಿಗಿರಲಿಲ್ಲ. ಅವಳ ಹೆಸರನ್ನು ನಾವೂ ಹಾಗೆಯೇ ಮೂಲೆಗೆ ತಳ್ಳಿದ್ದೆವು. ಅಂಗಿಯಾಗಲಿ ಬೆಳಗಿನ ಬ್ರೆಡ್ಡಾಗಲಿ ಮಾತಾಗಲಿ "ಗರಿಗರಿ ಇರಬೇಕು" ಎನ್ನುವುದು ಅವಳ ಮಾತಿನ ವರಸೆ. ಹಾಗೆ ಬಂದ ಹೆಸರು ಅದು. ಚಿಕ್ಕವರು ದೊಡ್ಡವರು ಎಲ್ಲರಿಗೂ ಅವಳು ಗರಿಗರಿಯಕ್ಕನೇ.

ಲಾಂಡ್ರಿಯ ಇಸ್ತ್ರಿ ಕೋಣೆ ಇದ್ದದ್ದು ನೆಲಮಾಳಿಗೆಯಲ್ಲಿ. ಅಲ್ಲಿ ಹಗಲೆಲ್ಲ ಟ್ಯೂಬ್‌ಲೈಟು ಉರಿಯುತ್ತಿತ್ತು, ನೀರಿನ ಹಬೆ ತುಂಬಿರುತ್ತಿತ್ತು. ಗೋಡೆಯ ತುದಿಯಲ್ಲಿ, ಹೊರಗಿನ ಕಾಲುದಾರಿಯ ಮಟ್ಟಕ್ಕೆ, ಒಂದು ಅಂಗೈಯಗಲದ ಕಿಟಕಿ. ಅದರಲ್ಲಿ ಬೀದಿಯಲ್ಲಿ ಓಡಾಡುವವರ ಕಾಲು ಮಾತ್ರ ಕಾಣುತ್ತಿತ್ತು. ಮಳೆಯೋ ಬಿಸಿಲೋ ಅವಳಿಗೆ ಚಪ್ಪಲಿ ನೋಡಿ ಗೊತ್ತಾಗಬೇಕು. ಬೆಳಕು ಹರಿಯುವ ಹೊತ್ತಿಗೆ ಕೆಳಗಿಳಿದರೆ, ಬೀದಿದೀಪ ಹತ್ತಿದ ಮೇಲೆ ಮೇಲೆ ಬರುತ್ತಿದ್ದಳು. ಗಂಡ ಸತ್ತಾಗ ಮಗಳು ಇನ್ನೂ ತೊದಲು ಮಾತಾಡುತ್ತಿದ್ದಳಂತೆ. ಮಡಚಿದ ಹಾಸಿಗೆ ಬಟ್ಟೆಯ ಬುಟ್ಟಿಯಲ್ಲಿ ಅವಳನ್ನು ಮಲಗಿಸಿಕೊಂಡು, ಅದೇ ಕೋಣೆಯಲ್ಲಿ ಇಸ್ತ್ರಿ ಮಾಡುತ್ತಲೇ ಸಾಕಿದಳು.

ಊರಿನವರ ಮುಖ ಅವಳಿಗೆ ಗೊತ್ತಿರಲಿಲ್ಲ, ಅಂಗಿ ಗೊತ್ತಿತ್ತು. ಜೊತೆಯಲ್ಲಿ ನಡೆದು ಹೋಗುವಾಗ ಯಾರಾದರೂ ನಮಸ್ಕಾರ ಹೇಳಿದರೆ ಇವಳು ಬಾಯಿ ತುಂಬ ಮಾತಾಡಿಸಿ, ಅವರು ಅತ್ತ ಹೋದ ಮೇಲೆ ನನ್ನ ಕಿವಿಯಲ್ಲಿ ಕೇಳುತ್ತಿದ್ದಳು.

"ಯಾರೇ ಅದು?"

"ನಿನ್ನನ್ನ ಮಾತಾಡಿಸಿದವರು ನನಗೆ ಹೇಗೆ ಗೊತ್ತಿರುತ್ತೆ?"

"ಮುಖ ಬಿಡು. ಎಡ ತೋಳಿನ ಪಟ್ಟಿಗೆ ಶಾಯಿ ಕಲೆ ಇತ್ತಾ?"

"ಇತ್ತು ಅನ್ಸುತ್ತೆ."

"ಹಾಗಾದ್ರೆ ಬ್ಯಾಂಕಿನೋನು. ಪಾಪ, ಒಳ್ಳೆ ಮನುಷ್ಯ. ಕಾಲರ್ ಮಾತ್ರ ಸರಿ ಇಲ್ಲ."

ಮೂರು ವರ್ಷದ ಹಿಂದೆ ಅವಳಿಗೆ ತೊಡೆ, ಸೊಂಟದಲ್ಲಿ ನೋವು ಶುರುವಾಯಿತು. ತಗ್ಗು ಸ್ಟೂಲಿನಿಂದ ಏಳಬೇಕಾದರೆ ಎರಡೂ ಕೈಯನ್ನು ಮಂಡಿಗೆ ಊರುತ್ತಿದ್ದಳು. ಕೇಳಿದರೆ, "ಎಣ್ಣೆ ಹಾಕಿದ್ರೆ ಸರಿ ಹೋಗುತ್ತೆ, ಕೀಲು ಅಂದಮೇಲೆ ಕಿರುಗುಟ್ಟಲೇಬೇಕು" ಎನ್ನುತ್ತಿದ್ದಳು. ಒಂದು ಸಂಜೆ ನಮ್ಮ ಕಟ್ಟಡದ ಮೆಟ್ಟಿಲಲ್ಲಿ ಮೊದಲ ಮಹಡಿಗೇ ಕೂತುಬಿಟ್ಟಳು. ಕೆಲಸದಿಂದ ಬಂದ ಮಗಳು ನೋಡಿದಳು.

ಮಗಳ ಕೆಲಸ ಅಗ್ನಿಶಾಮಕ ಠಾಣೆಯಲ್ಲಿ, ಕರೆ ಸ್ವೀಕರಿಸುವುದು. ಬೆಂಕಿ ಬಿತ್ತು ಎಂದು ಜನ ಫೋನಿನಲ್ಲಿ ಕೂಗುವುದನ್ನು ದಿನವಿಡೀ ಕೇಳುವವಳು. ಅವತ್ತು ರಾತ್ರಿಯ ಊಟಕ್ಕೆ ನಾನೂ ಅವರ ಮನೆಯಲ್ಲಿದ್ದೆ. ತಟ್ಟೆ ಹಾಕುವ ಮೊದಲೇ ಮಗಳು ಮಾತು ತೆಗೆದಳು.

"ಅಮ್ಮ, ಸಾಕು. ಇನ್ನು ಇಸ್ತ್ರಿ ಬಿಡು. ನಾನು ದುಡೀತೀನಲ್ಲ."

"ನೀನು ದುಡಿದ್ರೆ ಊಟ ಬರುತ್ತೆ. ಹೊತ್ತು ಯಾರು ತಂದುಕೊಡ್ತಾರೆ?"

"ನೀನು ಅಲ್ಲಿ ಒಬ್ಬಳೇ ಇರೋವಾಗ ಕಾಲು ಸೋತು ಬಿದ್ದೆ ಅಂತಿಟ್ಕೋ. ಇಸ್ತ್ರಿಪೆಟ್ಟಿಗೆ ಬಟ್ಟೆ ಮೇಲೇ ಉಳಿಯುತ್ತೆ. ಕೆಳಗೆ ನೆಲಮಾಳಿಗೆ, ಸುತ್ತ ಬಟ್ಟೆ ರಾಶಿ. ನನಗೆ ದಿನಾ ಫೋನ್ ಬರೋದೇ ಅಂಥ ಕಡೆಯಿಂದ ಅಮ್ಮ. ಒಂದಿನ ಆ ಫೋನ್ ನಿನ್ನ ಲಾಂಡ್ರಿಯಿಂದ ಬಂದ್ರೆ ನಾನು ಏನು ಮಾಡ್ಲಿ?"

ಗರಿಗರಿಯಕ್ಕ ಒಂದೊಂದೇ ತಟ್ಟೆ ಒರೆಸಿಟ್ಟಳು. ಆಮೇಲೆ, "ನೋವು ಬರ್ತಿರೋದು ಇಸ್ತ್ರಿಯಿಂದ ಅಂತ ನಿನಗೆ ಯಾರು ಹೇಳಿದ್ರು? ಬೇರೆ ಏನಾದ್ರೂ ಇದ್ದೀತು. ವಾಸಿಯಾಗೋ ಅಂಥದ್ದು" ಎಂದಳು.

ಆಸ್ಪತ್ರೆಗೆ ಹೋಗೋಣ ಎಂದರೆ ಒಲ್ಲೆ. ಗಂಡನನ್ನು ನಡೆಸಿಕೊಂಡು ಕರೆದೊಯ್ದು ಹೊತ್ತುಕೊಂಡು ತಂದ ಜಾಗ ಅದು. ಮಗಳು ಹಟ ಮಾಡಲಿಲ್ಲ. ಅವಳ ಠಾಣೆಯಲ್ಲಿ ಹಗಲೆಲ್ಲ ಒಳಗೇ ಕೂರುವವರು ವಿಟಮಿನ್ ಡಿ ಪರೀಕ್ಷೆ ಮಾಡಿಸಿಕೊಂಡಿದ್ದರಂತೆ, ಅದೂ ಮನೆಯಲ್ಲೇ. ಬಿಸಿಲು ಕಾಣದ ಮೈಗೆ ಆ ವಿಟಮಿನ್ ಕಡಿಮೆಯಾಗಿ ಮೂಳೆ ನೋಯುತ್ತದೆ, ಸ್ನಾಯು ಸೋಲುತ್ತದೆ. ಬೆರಳಿಗೆ ಚುಚ್ಚಿ ನಾಲ್ಕು ಹನಿ ರಕ್ತವನ್ನು ಕಾರ್ಡಿನ ಮೇಲೆ ಬೀಳಿಸಿ ಅಂಚೆಯಲ್ಲಿ ಕಳಿಸಿದರೆ ಸಾಕು, ಫಲಿತಾಂಶ ಫೋನಿಗೆ ಬರುತ್ತದೆ.

ಹಾಗೆ ಅಮ್ಮ ಮಗಳ ನಡುವೆ ಒಂದು ಒಪ್ಪಂದವಾಯಿತು. ವಿಟಮಿನ್ ಕಡಿಮೆ ಇದ್ದರೆ ಮಾತ್ರೆ ತಿಂದು ವಾಸಿ ಮಾಡಿಕೊಳ್ಳುವುದು, ಕೆಲಸ ಮುಂದುವರಿಸುವುದು. ಸರಿಯಾಗಿಯೇ ಇದ್ದರೆ ನೋವು ನಿಂತು ನಿಂತು ಬಂದದ್ದು ಎಂದು ಒಪ್ಪಿಕೊಂಡು ಇಸ್ತ್ರಿ ಬಿಡುವುದು. ಲೋಕದಲ್ಲಿ ಎಲ್ಲರೂ ಪರೀಕ್ಷೆಯಲ್ಲಿ ಏನೂ ಬರದಿರಲಿ ಎಂದು ಬೇಡಿಕೊಂಡರೆ, ಇವಳು "ದೇವರೇ, ಕಡಿಮೆ ಇರಲಿ" ಎಂದು ಬೇಡಿಕೊಳ್ಳತೊಡಗಿದಳು.

ಪೆಟ್ಟಿಗೆ ಬಂತು. ಬೆಳಿಗ್ಗೆ ಅವಳ ಅಡುಗೆಮನೆಯ ಮೇಜಿನ ಮೇಲೆ ಬಿಚ್ಚಿದೆವು. ಒಳಗಿದ್ದದ್ದು ಚುಚ್ಚುವ ಪುಟ್ಟ ಸಾಧನ, ವರ್ತುಲಗಳಿದ್ದ ದಪ್ಪ ಕಾಗದದ ಕಾರ್ಡು, ತೇವ ಹೀರುವ ಪೊಟ್ಟಣ ಇದ್ದ ಚೀಲ. ಸೂಚನೆ ಓದುವ ಪಾಲು ನನ್ನದು. ಬಿಸಿನೀರಲ್ಲಿ ಕೈ ತೊಳೆಯಬೇಕು, ಕೈಯನ್ನು ಕೆಳಗೆ ಬಿಟ್ಟು ನೀವಬೇಕು, ಉಂಗುರದ ಬೆರಳಿನ ಬದಿಗೆ ಚುಚ್ಚಬೇಕು. ಮೊದಲ ಸಲ ಚುಚ್ಚಿದಾಗ ಟಿಕ್ ಎಂದಿತೇ ಹೊರತು ಏನೂ ಬರಲಿಲ್ಲ. ಒದ್ದೆ ಬೆರಳಿನಿಂದ ಇಸ್ತ್ರಿಯ ಕಾವು ನೋಡಿ ನೋಡಿ ಅವಳ ಬೆರಳ ತುದಿ ಚರ್ಮದ ಚಪ್ಪಲಿಯಂತಾಗಿತ್ತು.

"ಸೂಜಿಗೇ ಹೆದರಿಕೆ ಆಯ್ತು ನೋಡೇ" ಎಂದು ನಕ್ಕಳು.

ಕಿರುಬೆರಳು ಇನ್ನೂ ತೆಳುವಾಗಿರುತ್ತದೆ ಎಂದು ಅದನ್ನು ಚಾಚಿದಳು. ಅದು ಬೇಡ ಎಂದು ಸೂಚನೆಯಲ್ಲೇ ಬರೆದಿತ್ತು. ಕೊನೆಗೆ ಎಡಗೈಯ ನಡುಬೆರಳಿನ ಬದಿಯಲ್ಲಿ ರಕ್ತ ಸಿಕ್ಕಿತು. ಬೆರಳು ಕಾಗದಕ್ಕೆ ತಾಗದಂತೆ ಹನಿ ಬೀಳಬೇಕು. ಅದನ್ನು ಎಷ್ಟು ಅಚ್ಚುಕಟ್ಟಾಗಿ ಮಾಡಿದಳೆಂದರೆ ಒಂದು ವರ್ತುಲದ ಗೆರೆಯೂ ಮೀರಲಿಲ್ಲ. "ಪೂರ್ತಿ ಒಣಗಿದ ಮೇಲೇ ಚೀಲಕ್ಕೆ ಹಾಕಬೇಕಂತೆ" ಎಂದು ನಾನು ಓದಿದೆ. ಅಷ್ಟರಲ್ಲಿ ನನ್ನ ಮನೆಯ ಬಾಗಿಲು ಯಾರೋ ಬಡಿದರು, ಎದ್ದು ಹೋದೆ. ವಾಪಸು ಬಂದಾಗ ಕಾರ್ಡು ಚೀಲದೊಳಗೆ, ಚೀಲ ಲಕೋಟೆಯೊಳಗೆ. ಒಣಗಿತೇ ಎಂದರೆ, "ಒಣಗದೆ ನಾನು ಏನನ್ನಾದ್ರೂ ಮಡಚಿಟ್ಟಿದ್ದೀನಾ?" ಎಂದಳು.

ಕೆಲವು ದಿನದ ಮೇಲೆ ಪ್ರಯೋಗಾಲಯದಿಂದ ಫೋನು ಬಂತು. ಮಗಳು ಸ್ಪೀಕರ್ ಹಾಕಿದಳು. ಆ ಕಡೆಯ ಹುಡುಗಿ ಬಹಳ ಮರ್ಯಾದೆಯಿಂದ, ರಕ್ತದ ಹನಿಗಳ ಬಣ್ಣ ಬದಲಾಗಿದೆ, ಪರೀಕ್ಷೆ ಮಾಡಲಾಗುವುದಿಲ್ಲ ಎಂದಳು.

"ಕಾರ್ಡನ್ನ ಒಲೆ ಹತ್ರ ಏನಾದ್ರೂ ಇಟ್ಟಿದ್ರಾ ಅಮ್ಮ?"

"ಛೆ ಛೆ, ಒಲೆ ಹತ್ರ ಯಾರಾದ್ರೂ ಇಡ್ತಾರಾ? ಇಸ್ತ್ರಿ ಮಾಡ್ದೆ."

"ಏನು ಮಾಡಿದ್ರಿ?"

"ಇಸ್ತ್ರಿ ಕಣಮ್ಮ. ಹಾಗೇ ಹಾಕಿಲ್ಲ, ಮೇಲೆ ತೆಳ್ಳನೆ ಬಟ್ಟೆ ಹಾಸಿ, ರೇಷ್ಮೆಗೆ ಇಡೋ ಕಾವಿಟ್ಟು, ಒಂದೇ ಸಲ ಎಳೆದಿದ್ದು. ಅಂಚು ಕೂಡ ಮುದುರಿಲ್ಲ, ನೋಡಿ ಬೇಕಾದ್ರೆ."

ಆ ಹುಡುಗಿ ನಗು ತಡೆಯುತ್ತಿರುವುದು ನಮಗೆ ಕೇಳಿಸುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎಂದು ನಾನೂ ನಗುವುದರಲ್ಲಿದ್ದೆ. ಮಗಳು ನಗಲಿಲ್ಲ. ಫೋನು ಇಟ್ಟವಳೇ ಅಮ್ಮನ ಕಡೆ ತಿರುಗಿದಳು.

"ಬೇಕೂಂತಲೇ ಮಾಡಿದ್ದೀಯ."

"ಏನು?"

"ಎಲ್ಲಾ ಸರಿ ಇದೆ ಅಂತ ಬಂದ್ರೆ ಕೆಲಸ ಬಿಡಬೇಕಾಗುತ್ತಲ್ಲ, ಅದಕ್ಕೆ ಹಾಳು ಮಾಡಿದ್ದೀಯ."

ಗರಿಗರಿಯಕ್ಕನ ಮುಖ ಅಷ್ಟು ಸಪ್ಪಗಾದದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

"ನನ್ನ ಜೀವಮಾನದಲ್ಲಿ ಒಬ್ಬರ ಕರವಸ್ತ್ರ ಕೂಡ ಬೇಕೂಂತ ಸುಟ್ಟಿಲ್ಲ ಮಗಾ" ಎಂದಳು. "ಒದ್ದೆ ಇತ್ತು. ಒಣಗಿಸಬೇಕಿತ್ತು. ಒಣಗಿಸೋದು ಅಂದ್ರೆ ನನಗೆ ಗೊತ್ತಿರೋದು ಅದೊಂದೇ."

ಮಗಳು ಅಮ್ಮನ ಆ ಗಟ್ಟಿ ಬೆರಳುಗಳನ್ನು ನೋಡುತ್ತ ನಿಂತಳು. ಆಮೇಲೆ ಹತ್ತಿರ ಬಂದು ಅವಳ ತಲೆಗೆ ತಲೆ ತಾಗಿಸಿದಳು. "ಇನ್ನೊಂದು ತರಿಸ್ತೀನಿ. ಈ ಸಲ ನೀನು ಇಸ್ತ್ರಿಪೆಟ್ಟಿಗೆ ಇರೋ ಕೋಣೆಗೆ ಕಾಲಿಡೋ ಹಾಗಿಲ್ಲ. ಈ ಹುಳ ಚಿಕ್ಕಮ್ಮ ಕಾವಲು."

ಭಾನುವಾರ ಬೆಳಿಗ್ಗೆ ನಮ್ಮ ಕಟ್ಟಡದ ತಾರಸಿಯಲ್ಲಿ ಎರಡನೆಯ ಪರೀಕ್ಷೆ ನಡೆಯಿತು. ಇಸ್ತ್ರಿಪೆಟ್ಟಿಗೆಯಿಂದ ಅವಳನ್ನು ಆದಷ್ಟು ದೂರ ಇಡಬೇಕೆಂದು ಮಗಳೇ ಆ ಜಾಗ ಆರಿಸಿದ್ದು. ಹನಿ ಬಿದ್ದ ಕಾರ್ಡನ್ನು ಬಾಗಿಲ ಒಳಗಡೆ, ನೆರಳಿನಲ್ಲಿ, ಒಂದು ಸ್ಟೂಲಿನ ಮೇಲೆ ಇಟ್ಟೆ. ಬಿಸಿಲು ತಾಗಬಾರದು, ಗಂಟೆಗಟ್ಟಲೆ ತಾನಾಗಿಯೇ ಒಣಗಬೇಕು ಎಂದು ಸೂಚನೆ. ನಾನು ಹತ್ತಿರ ಬಿಟ್ಟರೆ ಅವಳು ಊದುವುದಕ್ಕೂ ಹೇಸುತ್ತಿರಲಿಲ್ಲ. ಹಾಗಾಗಿ ಬಾಗಿಲಿಂದಾಚೆ, ಬಿಸಿಲಿನಲ್ಲಿ, ಅವಳಿಗೆ ಕುರ್ಚಿ ಹಾಕಿದೆ. ಕಾರ್ಡಿಗೆ ನೆರಳು, ಅವಳಿಗೆ ಬಿಸಿಲು.

ಕೈಯಲ್ಲಿ ಕೆಲಸವಿಲ್ಲದೆ ಹಗಲಲ್ಲಿ ಅವಳು ಕೂತದ್ದನ್ನು ನಾನು ಮೊದಲ ಸಲ ಕಂಡದ್ದು ಅವತ್ತೇ. ಮೊದಲು ಸೆರಗಿನ ಮುದುರು ತಿದ್ದಿದಳು. ಆಮೇಲೆ ನನ್ನ ತೋಳಿನ ಮಡಿಕೆ ತಿದ್ದಿದಳು. ಆಮೇಲೆ ತಿದ್ದಲು ಏನೂ ಉಳಿಯಲಿಲ್ಲ.

"ಒಣಗಿರುತ್ತೆ ಕಣೇ, ನೋಡು ಹೋಗಿ."

"ಇಲ್ಲ. ಕೂತ್ಕೋ."

"ಜೈಲರು ಇದ್ದ ಹಾಗಿದ್ದೀಯಲ್ಲೇ."

ಬಹಳ ಹೊತ್ತಾಯಿತು. ನಿದ್ದೆ ಹೋದಳೇನೋ ಎಂದು ನೋಡಿದರೆ ಕಣ್ಣು ಮುಚ್ಚಿ, ಮುಖ ಮೇಲೆತ್ತಿ ಕೂತಿದ್ದಳು.

"ಏ ಹುಳ."

"ಏನು?"

"ಬೆನ್ನಿಗೆ ಯಾರೋ ಇಸ್ತ್ರಿ ಹಾಕ್ತಾ ಇದ್ದ ಹಾಗಿದೆ ಕಣೇ. ಹದವಾದ ಕಾವು. ಮಡಿಕೆ ಮಡಿಕೆ ಬಿಚ್ಚಿಕೊಳ್ತಾ ಇದೆ."

ಮಧ್ಯಾಹ್ನ ಊಟಕ್ಕೆ ಕರೆದರೂ ಏಳಲಿಲ್ಲ. ಕಾರ್ಡು ಒಣಗಿ ಎಷ್ಟೋ ಹೊತ್ತಾಗಿತ್ತು.

ಫಲಿತಾಂಶ ಮಗಳ ಫೋನಿಗೆ ಬಂತು. ಅವಳು ಅದನ್ನು ಮೆತ್ತಗೆ, ಕೆಟ್ಟ ಸುದ್ದಿ ಹೇಳುವ ದನಿಯಲ್ಲಿ ಓದಿದಳು. "ಹನ್ನೊಂದು ಬಂದಿದೆ ಅಮ್ಮ. ಇಪ್ಪತ್ತಾದ್ರೂ ಇರಬೇಕಿತ್ತು."

"ಅಂದ್ರೆ ಕಡಿಮೆನಾ?"

"ಕಡಿಮೆ."

"ನಿಜವಾಗ್ಲೂ ಕಡಿಮೆ?"

"ತುಂಬಾನೇ ಕಡಿಮೆ ಅಮ್ಮ."

ಮಂಡಿಗೆ ಕೈ ಊರದೆ ಎದ್ದುಬಿಟ್ಟಳು. ಆಮೇಲೆ ನೋವು ನೆನಪಾಗಿ "ಅಯ್ಯಯ್ಯೋ" ಎಂದು ಮತ್ತೆ ಕೂತಳು. "ಫೇಲಾಗಿ ಗೆದ್ದವಳು ನಾನೊಬ್ಬಳೇ ಇರಬೇಕು" ಎಂದು ಲಾಂಡ್ರಿಯವರಿಗೆಲ್ಲ ಬಾಳೆಹಣ್ಣು ಹಂಚಿದಳು. ಏನು ವಿಶೇಷ ಎಂದವರಿಗೆ, "ನನಗೆ ಕಾಯಿಲೆ ಇದೆಯಂತೆ!" ಎಂದು ಹಿಗ್ಗಿ ಹೇಳಿದಳು. ನಮ್ಮ ಬೀದಿಯ ಕ್ಲಿನಿಕ್ಕಿನ ಡಾಕ್ಟರಮ್ಮ ಮಾತ್ರ ಹಿಗ್ಗಲಿಲ್ಲ. ಮನೆಯ ಪರೀಕ್ಷೆ ದಾರಿ ತೋರಿಸುತ್ತದೆ, ಅದನ್ನು ನಂಬಿ ಔಷಧಿ ಕೊಡಲಾಗುವುದಿಲ್ಲ ಎಂದು ತೋಳಿನಿಂದ ರಕ್ತ ತೆಗೆಸಿ ಇನ್ನೊಮ್ಮೆ ನೋಡಿದರು. ಸುಣ್ಣದ ಅಂಶ, ಮೂತ್ರಪಿಂಡ ಎಲ್ಲವನ್ನೂ ನೋಡಿದರು. ಅಲ್ಲಿಯೂ ವಿಟಮಿನ್ ಹೆಚ್ಚುಕಡಿಮೆ ಅಷ್ಟೇ ಬಂತು. ವಾರಕ್ಕೊಂದು ಮಾತ್ರೆ, ಕೆಲವು ವಾರ. ಆಮೇಲೆ ಮತ್ತೆ ಪರೀಕ್ಷೆ. ದಿನಾ ಒಂದಷ್ಟು ಹೊತ್ತು ಬಿಸಿಲು. ಇವಳ ಸುದ್ದಿ ಕೇಳಿ ನಮ್ಮ ಕಟ್ಟಡದ ಹೆಂಗಸರು ತಾವೂ ಅದೇ ಮಾತ್ರೆ ನುಂಗುವುದಕ್ಕೆ ಹೊರಟಾಗ ಇವಳೇ ಮೆಟ್ಟಿಲಲ್ಲಿ ಅಡ್ಡ ಹಾಕಿದಳು. "ಉಪ್ಪು ರುಚಿ ಅಂತ ಹಿಡಿ ಹಿಡಿ ತಿಂತೀರೇನ್ರೇ? ಅಳತೆ ನೋಡಿಸ್ಕೊಳ್ಳಿ ಮೊದಲು. ಹೆಚ್ಚಾದ್ರೆ ಅದೂ ಕೆಟ್ಟದ್ದೇ ಅಂತೆ."

ಮಗಳು ಮಾತಿಗೆ ತಪ್ಪಲಿಲ್ಲ. ಕೆಲಸ ಬಿಡು ಎನ್ನಲಿಲ್ಲ. ಆದರೆ ಹೆದರಿಕೆ ಅವಳ ಮುಖದಿಂದ ಹೋಗಿರಲಿಲ್ಲ. ಅದಕ್ಕೆ ಒಂದೇ ಒಂದು ಷರತ್ತು ಹಾಕಿದಳು.

"ಕೈ ಬಿಟ್ಟರೆ ಪ್ಲಗ್ ಕೀಳಬೇಕು. ನೀರು ಕುಡಿಯೋಕೆ ಹೋದ್ರೂ ಸರಿ, ಕೆಮ್ಮು ಬಂದ್ರೂ ಸರಿ. ಪೆಟ್ಟಿಗೆ ಎತ್ತಿ ನಿಲ್ಲಿಸು, ಪ್ಲಗ್ ಕಿತ್ತು ವೈರು ಸುತ್ತು."

"ಸೀನು ಬಂದ್ರೆ?"

"ಅಮ್ಮ."

"ಆಯ್ತಮ್ಮ ತಾಯಿ, ಸೀನೋಕೆ ಮುಂಚೆ ಪ್ಲಗ್ ಕಿತ್ತು ಆಮೇಲೆ ಸೀನ್ತೀನಿ."

ಗೇಲಿ ಮಾಡಿದಳೇ ಹೊರತು ಒಂದು ದಿನವೂ ತಪ್ಪಿಸಲಿಲ್ಲ. ನನ್ನ ಕಣ್ಣೆದುರೇ, ಮಾತಿನ ಮಧ್ಯೆ ಸೆರಗು ಸರಿ ಮಾಡಿಕೊಳ್ಳಬೇಕಾದರೂ ಪ್ಲಗ್ ಕಿತ್ತು, "ಬೆಂಕಿ ಇಲಾಖೆಯ ಹುಕುಂ" ಎಂದು ಗೊಣಗುತ್ತಿದ್ದಳು.

ಬಿಸಿಲಿನ ವಿಚಾರವನ್ನು ಅವಳೇ ಲಾಂಡ್ರಿಯ ಮಾಲೀಕರ ಹತ್ತಿರ ಎತ್ತಿದಳು. ಹಾಸಿಗೆ ಬಟ್ಟೆ ಹರಡುವ ತಾರಸಿಯಲ್ಲಿ, ಮೆಟ್ಟಿಲಿನ ಪಕ್ಕದ ತಗಡಿನ ಮಾಡಿನ ಕೆಳಗೆ, ತನ್ನ ಮೇಜು ಹಾಕಿಕೊಡಿ ಎಂದಳು.

"ಅಲ್ಲ ಅಕ್ಕಾ, ಜನ ನೆರಳು ಕೇಳ್ತಾರೆ, ನೀವು ಬಿಸಿಲು ಕೇಳ್ತಿದ್ದೀರಲ್ಲ."

"ಇಷ್ಟು ವರ್ಷ ನಿಮ್ಮ ನೆಲಮಾಳಿಗೇಲಿ ಇದ್ದೆ ಯಜಮಾನ್ರೇ. ಬಾಕಿ ಬಿಸಿಲು ಸುಮಾರಿದೆ, ಕೊಟ್ಟುಬಿಡಿ."

ಅವರು ನಕ್ಕು ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಮೇಲಕ್ಕೆ ವೈರು ಎಳೆಸಿದರು. ಮಾಡಿನ ನೆರಳಲ್ಲಿ ಮೇಜು, ನೆರಳಿನ ಗೆರೆಯಿಂದ ಆಚೆಗೆ ಒಂದು ಕುರ್ಚಿ. ಮೆಟ್ಟಿಲು ಹತ್ತುವುದು ಮೊದಮೊದಲು ಕಷ್ಟವಾಗುತ್ತಿತ್ತು. ಎರಡು ಕಡೆ ನಿಂತು, ನನ್ನ ತೋಳು ಹಿಡಿದು ಹತ್ತಿದಳು. ಆಮೇಲೆ ಒಂದು ಕಡೆ ನಿಂತಳು. ಆಮೇಲೆ ನನಗಿಂತ ಮೊದಲು ಮೇಲೆ ತಲುಪಿ, "ಬಾರೇ ಮುದುಕಿ" ಎಂದು ಕೂಗತೊಡಗಿದಳು. ಮತ್ತೆ ಪರೀಕ್ಷೆ ಮಾಡಿಸಿದಾಗ ವಿಟಮಿನ್ ಸರಿಯಾಗಿತ್ತು. ಈ ಸಲ ಪಾಸಾದದ್ದಕ್ಕೆ ಹಣ್ಣು ಹಂಚಲಿಲ್ಲ. "ಪಾಸಾಗೋದು ಎಲ್ಲರೂ ಆಗ್ತಾರೆ ಬಿಡು" ಎಂದಳು.

ಆ ತಾರಸಿಯಲ್ಲಿ ಅವಳು ಕಳೆದ ಕಾಲ ಸುಖದ್ದು. ಮಧ್ಯಾಹ್ನ ನಾನು ಡಬ್ಬಿ ತೆಗೆದುಕೊಂಡು ಹೋಗುತ್ತಿದ್ದೆ. ಹಾರಾಡುವ ಹಾಸಿಗೆ ಬಟ್ಟೆಗಳ ನಡುವೆ ಕೂತು ಇಬ್ಬರೂ ಉಣ್ಣುತ್ತಿದ್ದೆವು. ಒಮ್ಮೆ ತಾರಸಿಯ ಅಂಚಿನಿಂದ ಬೀದಿಯನ್ನು ಬಗ್ಗಿ ನೋಡುತ್ತ ಹೇಳಿದಳು.

"ಕೆಳಗಿದ್ದಾಗ ಜನರ ಕಾಲು ಕಾಣ್ತಿತ್ತು. ಇಲ್ಲಿಂದ ತಲೆ ಕಾಣುತ್ತೆ. ನಡುವಿನ ಅಂಗಿ ನನಗೆ ಮೊದಲೇ ಗೊತ್ತು. ಅಂತೂ ಇಂತೂ ಮನುಷ್ಯ ಪೂರ್ತಿ ಆದ ನೋಡೇ."

ಅವಳು ಮಡಚಿಕೊಟ್ಟ ನನ್ನ ಬಟ್ಟೆಗಳು ಕಪಾಟಿನಲ್ಲಿ ಹಾಗೆಯೇ ಇವೆ. ಬಿಚ್ಚಿದರೆ ಮಡಿಕೆ ಹೋಗುತ್ತದೆ. ಒಗೆದ ಎರಡು ಸೀರೆಯನ್ನೇ ಒಂದು ವಾರದಿಂದ ಉಡುತ್ತಿದ್ದೇನೆ.

ಸೋಮವಾರ ಮಧ್ಯಾಹ್ನ ನಾನು ಡಬ್ಬಿ ಹಿಡಿದು ಹತ್ತಿದಾಗ "ಬಾರೇ ಮುದುಕಿ" ಕೇಳಿಸಲಿಲ್ಲ. ಅವಳು ಬಿಸಿಲಿನ ಕುರ್ಚಿಯಲ್ಲಿ ಗೋಡೆಗೆ ತಲೆ ಆನಿಸಿ ಕೂತಿದ್ದಳು. ನಿದ್ದೆ ಎಂದೇ ಅಂದುಕೊಂಡೆ. ಕೈ ಮುಟ್ಟಿದೆ. ಬಿಸಿಲಿಗೆ ಬೆಚ್ಚಗಿತ್ತು, ಅದಕ್ಕೇ ತಿಳಿಯಲು ತಡವಾಯಿತು. ಕೂಗಿದೆ. ಮಾಲೀಕರು ಓಡಿ ಬಂದರು, ಡಾಕ್ಟರು ಬಂದರು, ಆಮೇಲೆ ಠಾಣೆಯ ಸಮವಸ್ತ್ರದಲ್ಲಿಯೇ ಮಗಳು ಬಂದಳು.

ಅವಳು ಅಮ್ಮನ ಮುಂದೆ ಮಂಡಿಯೂರಿ, ಆ ಗಟ್ಟಿ ಬೆರಳುಗಳನ್ನು ಕೆನ್ನೆಗೆ ಒತ್ತಿಕೊಂಡು ಅತ್ತಳು. ಎಷ್ಟೋ ಹೊತ್ತಿನ ಮೇಲೆ ಎದ್ದು ಮೇಜಿನ ಕಡೆ ಹೋದಳು. ನಾನೂ ಹಿಂದೆಯೇ ಹೋದೆ. ಮೇಜಿನ ಮೇಲೆ ಒಂದು ತಿಳಿನೀಲಿ ಅಂಗಿ ಹರಡಿತ್ತು. ಒಂದು ತೋಳು ಗರಿಗರಿಯಾಗಿತ್ತು, ಇನ್ನೊಂದರ ಅರ್ಧಕ್ಕೆ ಇಸ್ತ್ರಿ ಬಿದ್ದು ಅಲ್ಲಿಂದಾಚೆ ಮುದುರು ಹಾಗೆಯೇ ಇತ್ತು. ಯಾವ ಕೆಲಸವನ್ನೂ ಅವಳು ಅರ್ಧಕ್ಕೆ ಬಿಟ್ಟವಳಲ್ಲ. ಎದೆಯಲ್ಲಿ ಏನೋ ಆಗಿರಬೇಕು, ಆ ತೋಳು ಮುಗಿಸುವಷ್ಟು ಹೊತ್ತಿಲ್ಲ ಎಂದು ಅವಳಿಗೆ ತಿಳಿದಿರಬೇಕು.

ಅಂಗಿಯ ಮೇಲೆ ಸುಟ್ಟ ಒಂದು ಕಂದು ಚುಕ್ಕೆಯೂ ಇರಲಿಲ್ಲ. ಅವಳು ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ, ಪ್ಲಗ್ ಕಿತ್ತು, ವೈರು ಸುತ್ತಿಟ್ಟು, ಆಮೇಲೆ ಹೋಗಿ ಬಿಸಿಲಿನಲ್ಲಿ ಕೂತಿದ್ದಳು.